ಚಿತ್ರದ ಬೋರ್ಡು, ಟ್ಯಾಬ್‌ನಲ್ಲಿ ಮಾತಾಡುತ್ತಿದ್ದ 17ರ ಹುಡುಗಿ: ನೆನಪಿನ ಪುಸ್ತಕ ಎಲ್ಲಿಂದ ಶುರು ಮಾಡಲಿ?

‘ಪುಟಸಂಖ್ಯೆ’ ಎಂಬ ಹೆಸರಿನವರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈಚೆಗೆ ತೀರಿಕೊಂಡ 17 ವರ್ಷದ ಹುಡುಗಿಯೊಬ್ಬಳ ನೆನಪಿಗೆ 24 ಪುಟದ ಪುಸ್ತಕ, ಜೊತೆಗೆ ಆರು ನಿಮಿಷದೊಳಗಿನ ಒಂದು ವಿಡಿಯೊ ಆಗಬೇಕು. ಅವಳ ಅಪ್ಪ ಅಮ್ಮ ಕೇಳಿದ್ದಾರೆ. ಪುಟ ಕಟ್ಟುವ ಕೆಲಸ ನನಗೆ ಗೊತ್ತು, ಉಳಿದದ್ದು ಗೊತ್ತಿಲ್ಲ.

ಅವಳಿಗೆ ಸೆರೆಬ್ರಲ್ ಪಾಲ್ಸಿ ಇತ್ತು. ಬಾಯಿಮಾತು ಇರಲಿಲ್ಲ. ಚಿಕ್ಕವಳಿದ್ದಾಗ ಲ್ಯಾಮಿನೇಟ್ ಮಾಡಿದ ಚಿತ್ರದ ಬೋರ್ಡು, ಹತ್ತನೇ ವಯಸ್ಸಿನಿಂದ ಚಿತ್ರ ಒತ್ತಿದರೆ ದನಿ ಬರುವ ಟ್ಯಾಬ್. ಜಾಯ್‌ಸ್ಟಿಕ್ ವೀಲ್‌ಚೇರನ್ನು ತಾನೇ ಓಡಿಸುತ್ತಿದ್ದಳು. ಈಗ ಕೈಯಲ್ಲಿರುವುದು ಆ ಟ್ಯಾಬ್, ಹಳೆ ಬೋರ್ಡು, ಅಮ್ಮನ ಫೋನಿನಲ್ಲಿರುವ ವಾಟ್ಸ್‌ಆ್ಯಪ್ ವಿಡಿಯೊ ಮತ್ತು ವಾಯ್ಸ್ ನೋಟ್‌ಗಳು, ಒಂದು ಡಬ್ಬಿ ಪ್ರಿಂಟ್ ಫೋಟೊ. ಟ್ಯಾಬ್ ಒಂದು ಸಂಸ್ಥೆಯಿಂದ ಎರವಲು ತಂದದ್ದು, ಒಂದು ತಿಂಗಳಲ್ಲಿ ವಾಪಸ್ ಕೊಡಬೇಕು.

ನನ್ನ ಪ್ರಶ್ನೆಗಳು ಇವು. ಮೊದಲು ಯಾವುದಕ್ಕೆ ಕೈಹಾಕಲಿ? ಅವಳು ಟ್ಯಾಬ್‌ನಲ್ಲಿ ಒತ್ತಿದ ಮಾತುಗಳನ್ನು ಪುಸ್ತಕಕ್ಕೆ ಹಾಕುವಾಗ ವಾಕ್ಯ ತಿದ್ದಬಹುದಾ? ಕಾಯಿಲೆ, ಆಸ್ಪತ್ರೆ ಬಗ್ಗೆ ಎಷ್ಟು ಬರೆಯಬೇಕು? ನೆನಪಿನ ಸಭೆಗೆ ಅವಳ ಸಹಪಾಠಿಗಳು ಬರುತ್ತಾರೆ, ಬಹಳ ಮಂದಿ ವೀಲ್‌ಚೇರಿನವರೇ. ಅದಕ್ಕೆ ಏನೇನು ನೋಡಿಕೊಳ್ಳಬೇಕು?

---

ಮಾತಿನಮಣೆ ಉತ್ತರ:

ಪುಸ್ತಕ ಪಕ್ಕಕ್ಕಿಡಿ. ಮೊದಲು ಟ್ಯಾಬ್. ವಾಪಸ್ ಬಂದ ಸಾಧನವನ್ನು ಮುಂದಿನ ಮಗುವಿಗೆ ಕೊಡುವ ಮುಂಚೆ ಪೂರ್ತಿ ಅಳಿಸುತ್ತಾರೆ. ಅದು ಸರಿಯಾದ ಕ್ರಮವೇ, ಆದರೆ ಅಳಿಸಿದ್ದು ಮತ್ತೆ ಸಿಗುವುದಿಲ್ಲ.

ಚಾರ್ಜ್‌ಗೆ ಹಾಕಿ, ಆ್ಯಪ್ ಮತ್ತು ಸಿಸ್ಟಂ ಎರಡರದ್ದೂ ಆಟೊ ಅಪ್‌ಡೇಟ್ ನಿಲ್ಲಿಸಿ. ಅಪ್‌ಡೇಟ್ ಆದಾಗ ಹಳೆಯ ದನಿ ಬದಲಾಗುವುದುಂಟು, ಪುಟಗಳ ಜೋಡಣೆ ಏರುಪೇರಾಗುವುದುಂಟು. ಪಾಸ್‌ಕೋಡ್ ಗೊತ್ತಿಲ್ಲದಿದ್ದರೆ ಊಹಿಸಿ ಒತ್ತುತ್ತಾ ಹೋಗಬೇಡಿ. ಐಪ್ಯಾಡ್ ಆಗಿದ್ದರೆ, ಹತ್ತು ಸಲ ತಪ್ಪಿದರೆ ಎಲ್ಲ ಅಳಿಸುವ ಆಯ್ಕೆಯನ್ನು ಯಾರಾದರೂ ಆನ್ ಮಾಡಿಟ್ಟಿರಬಹುದು.

ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಶಬ್ದಕೋಶದ ಬ್ಯಾಕಪ್ ಫೈಲನ್ನು ಹೊರಗೆ ತೆಗೆಯಿರಿ. ಆ ಫೈಲು ಸಾಮಾನ್ಯವಾಗಿ ಅದೇ ಆ್ಯಪ್‌ನಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಹಾಗಾಗಿ ಅದೊಂದನ್ನೇ ನಂಬಬೇಡಿ. ಮುಖಪುಟದಿಂದ ಶುರುಮಾಡಿ ಒಳಗಿನ ಒಂದೊಂದು ಪುಟಕ್ಕೂ ಸ್ಕ್ರೀನ್‌ಶಾಟ್ ತೆಗೆಯಿರಿ, ಯಾವ ಬಟನ್ ಒತ್ತಿದರೆ ಯಾವ ಪುಟ ಎನ್ನುವುದು ತಿಳಿಯುವಂತೆ 1, 1.1, 1.2 ಎಂದು ಹೆಸರಿಡಿ. ಏಳು ವರ್ಷ ಬಳಸಿದ ಟ್ಯಾಬ್ ಅಂದರೆ ನೂರು ಪುಟ ಮೀರಿದರೂ ಆಶ್ಚರ್ಯವಿಲ್ಲ, ಅರ್ಧ ದಿನ ಎತ್ತಿಡಿ. ದನಿಯ ಹೆಸರು, ವೇಗ, ಸ್ಥಾಯಿ ಮೂರನ್ನೂ ಬರೆದುಕೊಳ್ಳಿ. ಅದೇ ದನಿ ಬೇರೆ ವೇಗದಲ್ಲಿ ಕೇಳಿದರೆ ಮನೆಯವರಿಗೆ ಅವಳದು ಅನಿಸುವುದಿಲ್ಲ. ಅವಳು ಹೆಚ್ಚು ಬಳಸುತ್ತಿದ್ದ ಮೂವತ್ತು ನಲವತ್ತು ಬಟನ್‌ಗಳನ್ನು ಒಂದೊಂದಾಗಿ ಒತ್ತಿ, ಸ್ಕ್ರೀನ್ ರೆಕಾರ್ಡರ್‌ನಲ್ಲಿ ಒಳದನಿ ಸಮೇತ ಹಿಡಿಯಿರಿ. ಕೋಣೆಯಲ್ಲಿ ಇನ್ನೊಂದು ಫೋನ್ ಹಿಡಿದು ರೆಕಾರ್ಡ್ ಮಾಡಿದರೆ ಸ್ಪೀಕರಿನ ಗೊರಗೊರ ಸೇರುತ್ತದೆ. ಕೆಲವು ಬಟನ್‌ಗಳಲ್ಲಿ ಯಂತ್ರದ ದನಿಯ ಬದಲು ಮನೆಯವರದೋ ಗೆಳತಿಯರದೋ ದನಿ ತುಂಬಿರುತ್ತಾರೆ. ಅವು ಬಹಳ ಸಲ ಬ್ಯಾಕಪ್‌ನಲ್ಲಿ ತಪ್ಪಿಹೋಗುತ್ತವೆ, ಹುಡುಕಿ ಬೇರೆಯಾಗಿ ಉಳಿಸಿ.

ಹಿಸ್ಟರಿ ಅಥವಾ ಲಾಗ್ ಇದ್ದರೆ ಅದನ್ನೂ ಇಳಿಸಿಕೊಳ್ಳಿ. ಆದರೆ ಲಾಗ್‌ನಲ್ಲಿ ಇದ್ದದ್ದೆಲ್ಲ ಅವಳ ಮಾತಲ್ಲ. ಕಲಿಸುವವರು ತಾವೇ ಒತ್ತಿ ತೋರಿಸಿದ್ದು ಅಲ್ಲಿರುತ್ತದೆ, ಕೈ ಜಾರಿ ಪಕ್ಕದ ಚಿತ್ರಕ್ಕೆ ತಾಗಿದ್ದೂ ಇರುತ್ತದೆ. ಒಂದೇ ಪದ ಅರೆಕ್ಷಣದ ಅಂತರದಲ್ಲಿ ನಾಲ್ಕು ಸಲ ಬಂದಿದ್ದರೆ ಬಹುಶಃ ಕೈ ನಡುಕ. ಎಷ್ಟು ಸಲ ಯಾವ ಪದ ಎಂದು ಎಣಿಸಿ ಅವಳಿಗೆ ಅದೇ ಇಷ್ಟ ಎನ್ನುವ ಪಟ್ಟಿ ಮಾಡಲು ಹೋಗಬೇಡಿ. ಯಾರ ಮಾತನ್ನು ಎಣಿಸಿದರೂ ‘ಬೇಕು’, ‘ಬೇಡ’, ‘ಇನ್ನೂ’, ‘ಅದು’ ಇವೇ ಮೇಲೆ ಬರುತ್ತವೆ.

ಎರಡನೇ ಪ್ರಶ್ನೆಗೆ: ತಿದ್ದಬೇಡಿ. ಒಂದು ಚಿತ್ರ ಹುಡುಕಿ, ಕೈ ಎತ್ತಿ, ಗುರಿಯಿಟ್ಟು ಒತ್ತಲು ಹತ್ತು ಸೆಕೆಂಡು ಹಿಡಿಯುವವರು ವಿಭಕ್ತಿ ಪ್ರತ್ಯಯಕ್ಕೆ ಇನ್ನೊಂದು ಹತ್ತು ಸೆಕೆಂಡು ಖರ್ಚು ಮಾಡುವುದಿಲ್ಲ. ಹಿಂದೆ ತಂತಿ ಕಳಿಸುವವರು ಪದ ಎಣಿಸಿ ಬರೆಯುತ್ತಿದ್ದರಲ್ಲ, ಹಾಗೆ. ಪುಸ್ತಕದಲ್ಲಿ ಮೂರು ಸಾಲಿನ ಕ್ರಮ ಇಟ್ಟುಕೊಳ್ಳಿ. ಮೊದಲ ಸಾಲಿನಲ್ಲಿ ಅವಳು ಒತ್ತಿದ್ದು, ಒತ್ತಿದ ಕ್ರಮದಲ್ಲೇ. ಎರಡನೆಯದರಲ್ಲಿ ಎದುರಿಗಿದ್ದವರು ಅರ್ಥ ಮಾಡಿಕೊಂಡದ್ದು, ಅವರ ಹೆಸರಿನೊಂದಿಗೆ. ಮೂರನೆಯದರಲ್ಲಿ ಆಮೇಲೆ ಏನಾಯಿತು. ಉದಾಹರಣೆಗೆ ಹೀಗೆ:

ಒತ್ತಿದ್ದು: ಬಸ್ಸು – ಬೇಡ – ನಾನು – ಚಕ್ರ – ಮಳೆ
ಟೀಚರ್ ತಿಳಿದದ್ದು: ಮಳೆಗೆ ಚಕ್ರ ಜಾರುತ್ತೆ, ಬಸ್ಸು ಬೇಡ ಅಂತ
ಆದದ್ದು: ಅಲ್ಲ ಎಂದು ತಲೆ ಆಡಿಸಿ ‘ಹೊರಗೆ’ ಒತ್ತಿದಳು. ಮಳೆಯಲ್ಲೇ ವೀಲ್‌ಚೇರ್ ಓಡಿಸಿಕೊಂಡು ಹೋಗಬೇಕಿತ್ತು

ಎರಡನೇ ಸಾಲು ತಪ್ಪಾಗಿದ್ದರೂ ಬಿಡಿ, ತೆಗೆಯಬೇಡಿ. ಅವಳ ದಿನದಲ್ಲಿ ಅರ್ಧ ಕೆಲಸ ಎದುರಿನವರ ತಪ್ಪು ತಿಳುವಳಿಕೆ ತಿದ್ದುವುದೇ ಆಗಿರುತ್ತದೆ.

ಇನ್ನು ಹಳೆ ಬೋರ್ಡು. ಅದಕ್ಕೆ ಎರಡು ಥರ ಫೋಟೊ ಬೇಕು. ಚಿತ್ರ, ಅಕ್ಷರ ಓದಲು ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ಬೆಳಕು ಬಿಟ್ಟು, ಕ್ಯಾಮೆರಾ ನೇರ ಮೇಲಿಟ್ಟು ತೆಗೆಯಿರಿ, ಫ್ಲ್ಯಾಶ್ ಬೇಡ. ಇನ್ನೊಂದಕ್ಕೆ ಕೋಣೆ ಕತ್ತಲು ಮಾಡಿ ಒಂದೇ ಟಾರ್ಚನ್ನು ಬೋರ್ಡಿನ ಅಂಚಿಗೆ ಬಹುತೇಕ ಮಲಗಿಸಿ ಹಿಡಿಯಿರಿ. ಪ್ಲಾಸ್ಟಿಕ್ ಎಲ್ಲಿ ಸವೆದು ಮಂಕಾಗಿದೆ, ಉಗುರು ಎಲ್ಲಿ ಗೀರಿದೆ ಎಲ್ಲ ಎದ್ದು ಕಾಣುತ್ತದೆ. ಮಧ್ಯದ ಚಿತ್ರಗಳು ಹೊಸದರಂತೆ ಹೊಳೆಯುತ್ತಿದ್ದು ಬಲ ಮೂಲೆಯ ಎರಡು ಚೌಕ ಮಾತ್ರ ಬೆಳ್ಳಗೆ ತಿಕ್ಕಿಹೋಗಿದ್ದರೆ ಕೈ ಯಾವ ಕಡೆಯಿಂದ ಬರುತ್ತಿತ್ತು, ಯಾವ ಮಾತಿಗೆ ಬರುತ್ತಿತ್ತು ಎರಡೂ ಗೊತ್ತಾಗುತ್ತವೆ. ಆ ಫೋಟೊಗೆ ಒಂದಿಡೀ ಪುಟ ಕೊಡಬಹುದು.

ವೀಲ್‌ಚೇರಿನ ಹಿಂದಿನ ಚೀಲವನ್ನೂ ನೋಡಿ. ‘ಕಣ್ಣು ಮೇಲೆತ್ತಿದರೆ ಹೌದು, ತುಟಿ ಬಿಗಿದರೆ ಬೇಡ’ ಎಂಬಂಥ ಗುರುತುಗಳನ್ನು ಬರೆದಿಟ್ಟ ಕಮ್ಯುನಿಕೇಶನ್ ಪಾಸ್‌ಪೋರ್ಟ್ ಬಹಳ ಸಲ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಈಗಲೇ ಮನೆಯವರನ್ನು ಕೇಳಿ ಬರೆದಿಡಿ. ಮನೆಯವರು ಇವನ್ನು ಯೋಚಿಸದೆ ಓದುತ್ತಿದ್ದರು, ಅದಕ್ಕೇ ಬೇಗ ಮರೆತೂಹೋಗುತ್ತವೆ.

---

ಟೇಪುಸುರುಳಿ ಉತ್ತರ:

ಟ್ಯಾಬ್ ವಿಷಯ ಮೇಲಿನವರು ಹೇಳಿದ್ದಾರೆ. ಶಬ್ದ ಮತ್ತು ಫೋಟೊ ಬಗ್ಗೆ ನಾನು ಹೇಳುತ್ತೇನೆ.

ಅಮ್ಮನ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ತಾನೇ ಮಾಯವಾಗುವ ಸಂದೇಶದ ಆಯ್ಕೆ ಆನ್ ಇದೆಯಾ ನೋಡಿ. ಇದ್ದರೆ ಆಫ್ ಮಾಡಿ, ಅಷ್ಟಕ್ಕೇ ನಿಲ್ಲಬೇಡಿ. ಹಿಂದೆ ಆ ಗಡುವಿನಲ್ಲಿ ಬಂದ ಸಂದೇಶಗಳು ಆಫ್ ಮಾಡಿದ ಮೇಲೂ ಹೋಗುತ್ತವೆ. ಇಂದೇ ಹೊರಗೆ ಕಾಪಿ ಮಾಡಿ. ಹುಡುಗಿಯ ಹೆಸರಿನಲ್ಲೇ ವಾಟ್ಸ್‌ಆ್ಯಪ್ ಇದ್ದರೆ ಸಿಮ್ ರೀಚಾರ್ಜ್ ನಿಲ್ಲಿಸಬೇಡಿ. ಬಳಸದೆ ಬಿಟ್ಟ ಖಾತೆಯನ್ನು ವಾಟ್ಸ್‌ಆ್ಯಪ್ ಸಾಮಾನ್ಯವಾಗಿ 120 ದಿನಕ್ಕೆ ಅಳಿಸುತ್ತದೆ, ಸತ್ತ ನಂಬರು ಇನ್ನೊಬ್ಬರ ಪಾಲಾಗುತ್ತದೆ. ಗೂಗಲ್ ಖಾತೆಗೆ ಎರಡು ವರ್ಷ ಅವಕಾಶ ಇದೆ, ಅವಸರವಿಲ್ಲ.

ವಾಯ್ಸ್ ನೋಟ್‌ಗಳನ್ನು ಫಾರ್ವರ್ಡ್ ಮಾಡಿ ಸಂಗ್ರಹಿಸಬೇಡಿ. ಆಂಡ್ರಾಯ್ಡ್ ಫೋನಾದರೆ ಕೇಬಲ್ ಹಾಕಿ, ಒಳಗಿನ ಮೀಡಿಯಾ ಫೋಲ್ಡರಿನಲ್ಲಿ ವಾಟ್ಸ್‌ಆ್ಯಪ್ ವಾಯ್ಸ್ ನೋಟ್ಸ್ ಎಂಬುದನ್ನು ಇಡಿಯಾಗಿ ಎತ್ತಿಕೊಳ್ಳಿ. ಫೈಲ್ ಹೆಸರಿನಲ್ಲೇ ತಾರೀಖು ಇರುತ್ತದೆ. ಫಾರ್ವರ್ಡ್ ಮಾಡಿದರೆ ಅಲ್ಲಿ ಇವತ್ತಿನ ತಾರೀಖು ಕೂರುತ್ತದೆ, ಯಾವುದು ಯಾವಾಗಿನದು ಎಂದು ಆಮೇಲೆ ಯಾರಿಗೂ ಹೇಳಲು ಬರುವುದಿಲ್ಲ. ನೆಂಟರಿಂದ, ಗೆಳೆಯರಿಂದ ವಿಡಿಯೊ ತರಿಸುವಾಗ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಹೇಳಿ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಕುಗ್ಗಿಸಿ ಕಳಿಸುತ್ತದೆ, ಫೋಟೊ ಆದರೆ ತೆಗೆದ ದಿನಾಂಕವೂ ಹೋಗುತ್ತದೆ.

ಬಾಯಿಮಾತು ಇರಲಿಲ್ಲ ಎಂದಿರಿ, ಶಬ್ದ ಇತ್ತಲ್ಲ? ನಗು, ಕರೆಯುವ ದನಿ, ಸಿಟ್ಟಿನ ಗುರ್, ವೀಲ್‌ಚೇರ್ ಮೋಟಾರಿನ ಗುಂಯ್ ಮತ್ತು ಬ್ರೇಕ್ ಬಿದ್ದಾಗಿನ ಟಕ್. ಇವೆಲ್ಲ ವಿಡಿಯೊಗಳ ಹಿನ್ನೆಲೆಯಲ್ಲಿ ಅಡಗಿರುತ್ತವೆ. ಬೇರೆ ಯಾರನ್ನೋ ತೋರಿಸುವ ವಿಡಿಯೊದಲ್ಲೂ ಇರಬಹುದು, ಆದ್ದರಿಂದ ಅವಳು ಕಾಣುವುದಿಲ್ಲ ಎಂದು ಯಾವ ಕ್ಲಿಪ್ಪನ್ನೂ ಎಸೆಯಬೇಡಿ. ಕ್ಲಿಪ್ ಕತ್ತರಿಸುವಾಗ ಮುಂದೆ ಎರಡು ಸೆಕೆಂಡು, ಹಿಂದೆ ಎರಡು ಸೆಕೆಂಡು ಕೋಣೆಯ ಸದ್ದು ಬಿಡಿ. ಮೂಲದ ಫೈಲನ್ನು ಹಾಗೇ ಇಟ್ಟು ಕೆಲಸದ ಪ್ರತಿಯನ್ನು 48 ಕಿಲೊಹರ್ಟ್ಸ್ ವೇವ್ (WAV) ಫೈಲಾಗಿ ಮಾಡಿಕೊಳ್ಳಿ.

ಎಲ್ಲರೂ ಕೆಡಿಸುವುದು ಗದ್ದಲ ತೆಗೆಯುವಾಗ. ಫ್ಯಾನಿನ ಸದ್ದು ಹೋಗಲಿ ಎಂದು ನಾಯ್ಸ್ ರಿಡಕ್ಷನ್ ಜೋರಾಗಿ ಹಾಕುತ್ತಾರೆ, ಅದು ನಗುವನ್ನೂ ನುಂಗುತ್ತದೆ. ಉಸಿರು ಬೆರೆತ ನಗು ಮತ್ತು ಫ್ಯಾನಿನ ಗಾಳಿ ಎರಡೂ ಒಂದೇ ಬಗೆಯ ‘ಹಸ್’ ಶಬ್ದ, ಸಾಫ್ಟ್‌ವೇರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಾತನ್ನು ಉಳಿಸಿ ಉಳಿದದ್ದು ಅಳಿಸುವ ಹೊಸ ಎಐ ಫಿಲ್ಟರ್‌ಗಳು ಇನ್ನೂ ಅಪಾಯ, ಪದವಲ್ಲದ ದನಿಯನ್ನು ಅವು ಕಸ ಎಂದೇ ತಿಳಿಯುತ್ತವೆ. ಗದ್ದಲ ತಗ್ಗಿಸುವುದನ್ನು 6 ಡೆಸಿಬೆಲ್‌ನಿಂದ ಶುರುಮಾಡಿ, 10ರ ಮೇಲೆ ಹೋಗಬೇಡಿ. ಫ್ಯಾನು ಕೇಳಿದರೆ ಕೇಳಲಿ.

ವಿಡಿಯೊ ಎಡಿಟ್ ಬಗ್ಗೆ ಒಂದೇ ಮಾತು. ಯಾರೋ ಪ್ರಶ್ನೆ ಕೇಳುತ್ತಾರೆ, ಅವಳು ಕೈ ಎತ್ತಿ ಬಟನ್ ಹುಡುಕುತ್ತಾಳೆ, ಎಂಟು ಹತ್ತು ಸೆಕೆಂಡು ಆದಮೇಲೆ ದನಿ ಬರುತ್ತದೆ. ಎಡಿಟ್ ಮಾಡುವವರ ಬೆರಳು ಆ ನಡುವಿನದನ್ನು ಕತ್ತರಿಸಲು ತುರಿಸುತ್ತದೆ. ಒಂದಾದರೂ ಕ್ಲಿಪ್ ಕತ್ತರಿಸದೆ ಬಿಡಿ, ಮೇಲೆ ಸಂಗೀತವನ್ನೂ ಹಾಕಬೇಡಿ. ಆರು ನಿಮಿಷಕ್ಕೆ ಎಂಟೊಂಬತ್ತು ಕ್ಲಿಪ್ ಧಾರಾಳ. ಬರೀ ಫೋಟೊ ಬರುವ ಕಡೆ ಒಂದಕ್ಕೆ ಐದು ಸೆಕೆಂಡು, ಅಕ್ಷರ ಇದ್ದರೆ ಏಳು.

ಪ್ರಿಂಟ್ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. 4×6 ಇಂಚಿನದು 2400×3600 ಪಿಕ್ಸೆಲ್ ಆಗುತ್ತದೆ, ಪುಸ್ತಕದಲ್ಲಿ ಎರಡರಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಗಾಜಿಗೆ ಅಂಟಿಕೊಂಡ ಫೋಟೊ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟು ಆಲ್ಬಮ್ಮಿನದಾದರೆ ಹಲ್ಲಿನ ಸಂದಿ ಶುಚಿಮಾಡುವ ದಾರವನ್ನು ಮೂಲೆಯಿಂದ ಒಳಗೆ ತೂರಿಸಿ ಗರಗಸದಂತೆ ನಿಧಾನವಾಗಿ ಎಳೆಯಿರಿ. ಹಿಂಬದಿಯಲ್ಲಿ ಬರೆದದ್ದಿದ್ದರೆ ಅದೂ ಒಂದು ಸ್ಕ್ಯಾನ್.

---

ಕರಡುಪ್ರತಿ ಉತ್ತರ:

ಕಾಯಿಲೆ ಎಷ್ಟು ಬರೆಯಬೇಕು ಎಂದು ಕೇಳಿದ್ದೀರಿ. ಮೊದಲಿಗೆ, ಸೆರೆಬ್ರಲ್ ಪಾಲ್ಸಿ ಕಾಯಿಲೆ ಅಲ್ಲ, ದಿನದಿನಕ್ಕೆ ಏರುವಂಥದ್ದೂ ಅಲ್ಲ. ಮಿದುಳು ಬೆಳೆಯುವ ಹಂತದಲ್ಲೇ ಆದ ಪೆಟ್ಟಿನಿಂದ ಚಲನೆಯ ಹಿಡಿತ ಬೇರೆಯಾಗಿರುವ ಸ್ಥಿತಿ. ‘ಕಾಯಿಲೆಯೊಂದಿಗೆ 17 ವರ್ಷ ಹೋರಾಡಿ’ ಎಂದು ಬರೆದರೆ ವಾಕ್ಯವೇ ಸುಳ್ಳಾಗುತ್ತದೆ. ಸ್ಥಿತಿಯ ಹೆಸರು ಒಂದು ಸಲ, ಒಂದು ವಾಕ್ಯದಲ್ಲಿ ಬರಲಿ, ಮೊದಲ ಪುಟದಲ್ಲಿ ಬೇಡ. ಸಾವಿನ ಕಾರಣ ಹಾಕುವುದೋ ಬಿಡುವುದೋ ಅಪ್ಪ ಅಮ್ಮನಿಗೆ ಬಿಟ್ಟದ್ದು, ಹಾಕಿದರೂ ಒಂದು ಸಾಲು.

ಕರಡಿನಲ್ಲಿ ತಾನಾಗಿ ನುಸುಳುವ ಮಾತುಗಳನ್ನು ಹುಡುಕಿ ತೆಗೆಯಿರಿ: ‘ಪಾಪ’, ‘ದೇವರಂಥ ಮಗು’, ‘ವೀಲ್‌ಚೇರಿಗೆ ಸೀಮಿತಳಾಗಿದ್ದರೂ’, ‘ನರಳಿದಳು’, ‘ಕೊನೆಗೂ ಮುಕ್ತಿ ಸಿಕ್ಕಿತು’. ವೀಲ್‌ಚೇರ್ ಅವಳನ್ನು ಸೀಮಿತ ಮಾಡಿರಲಿಲ್ಲ, ಅದರಲ್ಲೇ ತಿರುಗಾಡುತ್ತಿದ್ದಳು. ‘ಮುಕ್ತಿ’ ಇನ್ನೂ ಕೆಟ್ಟದ್ದು. ಸಭೆಯಲ್ಲಿ ಅದೇ ಥರದ ಕುರ್ಚಿಯಲ್ಲಿ ಕೂತು ಕೇಳುವ ಹುಡುಗನಿಗೆ ನೀನು ಬದುಕಿರುವುದೇ ಬಂಧನ ಎಂದು ಹೇಳಿದಂತಾಗುತ್ತದೆ. ನನ್ನ ಅಳತೆಗೋಲು ‘ಆದರೂ’. ‘ಮಾತು ಬಾರದಿದ್ದರೂ ಸದಾ ನಗುತ್ತಿದ್ದಳು’ ಎಂಬಲ್ಲಿ ಮೊದಲ ಭಾಗ ಕತ್ತರಿಸಿ. ಉಳಿದ ‘ಸದಾ ನಗುತ್ತಿದ್ದಳು’ ಸಪ್ಪೆ ಕಂಡರೆ ಆ ವಾಕ್ಯದಲ್ಲಿ ಅವಳ ಬಗ್ಗೆ ಏನೂ ಇರಲಿಲ್ಲ ಎಂದರ್ಥ. ಅಂಗವಿಕಲರ ಮಾಮೂಲಿ ಬದುಕನ್ನೇ ಉಳಿದವರಿಗೆ ಸ್ಫೂರ್ತಿಯ ಟಾನಿಕ್ ಮಾಡುವುದಕ್ಕೆ ಆಸ್ಟ್ರೇಲಿಯಾದ ಹಾಸ್ಯಕಲಾವಿದೆ, ಪತ್ರಕರ್ತೆ ಸ್ಟೆಲ್ಲಾ ಯಂಗ್ 2012ರಲ್ಲೇ ‘ಇನ್‌ಸ್ಪಿರೇಷನ್ ಪೋರ್ನ್’ ಎಂದು ಚಾಟಿ ಬೀಸಿದ್ದರು. ಅವರೂ ವೀಲ್‌ಚೇರ್ ಬಳಸುತ್ತಿದ್ದವರು, 2014ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಅಂಗವಿಕಲ, ವಿಶೇಷಚೇತನ, ದಿವ್ಯಾಂಗ ಯಾವುದು ಸರಿ ಎನ್ನುವ ಜಗಳಕ್ಕೆ ಹೋಗಬೇಡಿ. ಅವಳ ಟ್ಯಾಬ್‌ನಲ್ಲಿ ತನ್ನ ಬಗ್ಗೆ ಯಾವ ಬಟನ್ ಇತ್ತು ನೋಡಿ, ಅದೇ ಪದ.

ಹಾಗಾದರೆ ಏನು ಬರೆಯಬೇಕು? ಅವಳು ತೀರ್ಮಾನಿಸಿದ್ದು. ಏನನ್ನು ಬೇಡ ಎಂದಳು, ಯಾರ ಹತ್ತಿರ ಹಟ ಹಿಡಿದಳು, ಯಾವುದಕ್ಕೆ ಮೋಸ ಮಾಡಿ ಗೆದ್ದಳು. ಎಂಟು ಹತ್ತು ಜನರನ್ನು ಕೇಳಿ. ಅಪ್ಪ ಅಮ್ಮ, ಟೀಚರ್ ಮಾತ್ರ ಸಾಲದು, ಶಾಲೆಯ ವ್ಯಾನ್ ಓಡಿಸುವವರು, ಫಿಸಿಯೋಥೆರಪಿಸ್ಟ್, ವೀಲ್‌ಚೇರ್ ರಿಪೇರಿಯವರು, ಒಡಹುಟ್ಟಿದವರಿದ್ದರೆ ಅವರನ್ನೂ ಕೇಳಿ. ‘ಹೇಗಿದ್ದಳು?’ ಎಂದರೆ ‘ತುಂಬ ಒಳ್ಳೆಯವಳು’ ಎಂಬ ಉತ್ತರ ಬರುತ್ತದೆ, ದಂಡ. ‘ಬೇಡ ಅನ್ನೋದನ್ನ ನಿಮಗೆ ಹೇಗೆ ತಿಳಿಸ್ತಿದ್ಳು?’, ‘ಅವಳ ಬಗ್ಗೆ ಬೇರೆಯವರು ತಪ್ಪು ತಿಳ್ಕೊಂಡಿದ್ದು ಏನು?’, ‘ಅವಳ ಮೇಲೆ ನಿಮಗೆ ಕೊನೇ ಸಲ ಸಿಟ್ಟು ಬಂದಿದ್ದು ಯಾಕೆ?’ ಹೀಗೆ ಕೇಳಿ. ಫೋನನ್ನು ಮಾತಾಡುವವರಿಂದ ಒಂದು ಗೇಣು ದೂರದಲ್ಲಿ ಬಟ್ಟೆಯ ಮೇಲಿಡಿ, ಬರಿ ಮೇಜಿನ ಮೇಲಿಟ್ಟರೆ ಕೈ ತಟ್ಟಿದ್ದೆಲ್ಲ ಸಿಡಿಲಾಗಿ ಕೇಳುತ್ತದೆ. ನಲವತ್ತು ನಿಮಿಷಕ್ಕೆ ನಿಲ್ಲಿಸಿ.

ಬೋರ್ಡು, ಟ್ಯಾಬ್ ಬಳಸುವ ಅವಳ ಗೆಳೆಯರನ್ನೂ ಕೇಳಲೇಬೇಕು. ಪ್ರಶ್ನೆಗಳನ್ನು ಎರಡು ದಿನ ಮುಂಚೆ ಕಳಿಸಿ, ಬೇಕಾದ ಪದಗಳನ್ನು ಅವರ ಟ್ಯಾಬ್‌ಗೆ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹದಿನೈದು ಎಣಿಸಿ, ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಹಾಕಬೇಡಿ. ಅವರ ವಾಕ್ಯವನ್ನು ನೀವು ಪೂರ್ತಿ ಮಾಡಿಕೊಡಲೂ ಬೇಡಿ.

ಫೋಟೊ ಆಯ್ಕೆಯಲ್ಲಿ ಆಗುವ ದೊಡ್ಡ ತಪ್ಪೆಂದರೆ ಮುದ್ದಾದ ಮಗುವಿನ ಚಿತ್ರಗಳೇ ತುಂಬಿಹೋಗುವುದು. ತೀರಿಕೊಂಡವಳು ಹದಿನೇಳರವಳು. ಅರ್ಧಕ್ಕಿಂತ ಹೆಚ್ಚು ಫೋಟೊ ಹದಿಮೂರರ ಮೇಲಿನವಾಗಿರಲಿ. ವೀಲ್‌ಚೇರ್ ಕಾಣದಂತೆ ಕತ್ತರಿಸಬೇಡಿ. ಆಸ್ಪತ್ರೆಯ ಹಾಸಿಗೆಯದು, ಸ್ನಾನದ್ದು, ಬಟ್ಟೆ ಸರಿಯಿಲ್ಲದ್ದು ಬೇಡ. ಎಷ್ಟೇ ಚಂದ ಬಂದಿದ್ದರೂ ಹದಿನೇಳರ ಹುಡುಗಿ ತನ್ನ ಕ್ಲಾಸಿಗೆ ತೋರಿಸಲು ಒಪ್ಪುತ್ತಿದ್ದಳೇ ಎಂದು ಕೇಳಿಕೊಳ್ಳಿ. ಬೇರೆ ಮಕ್ಕಳು ಇರುವ ಫೋಟೊಗೆ ಅವರ ಮನೆಯವರ ಒಪ್ಪಿಗೆ ಬೇಕು.

ಇನ್ನು ಅಚ್ಚು. 24 ಪುಟ ಸರಿಯಾದ ಲೆಕ್ಕ, ನಾಲ್ಕರಿಂದ ಭಾಗವಾಗುತ್ತದೆ, ನಡುವೆ ಪಿನ್ ಹೊಡೆಯಬಹುದು. ಪಠ್ಯ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಬರಹ ಬಂದರೆ ಬದಲಿಸಿಕೊಂಡು ‘ರ್ಕ’, ‘ಕ್ರ’, ಒತ್ತಕ್ಷರ ಎಲ್ಲ ಒಮ್ಮೆ ಕಣ್ಣಲ್ಲೇ ನೋಡಿ, ಅರ್ಕಾವೊತ್ತು ತಪ್ಪುವುದು ಅಲ್ಲೇ. 14 ಪಾಯಿಂಟ್ ಅಕ್ಷರಕ್ಕೆ 21–22 ಪಾಯಿಂಟ್ ಸಾಲಿನ ಅಂತರ ಕೊಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅವಳ ಗೆಳೆಯರಲ್ಲಿ ದೃಷ್ಟಿ ಕಡಿಮೆ ಇರುವವರಿದ್ದರೆ 18 ಪಾಯಿಂಟಿನಲ್ಲಿ ಕೆಲವು ಪ್ರತಿ ಬೇರೆ ತೆಗೆಸಿ.

---

ಪುಟಸಂಖ್ಯೆ ಮತ್ತೆ:

ತುಂಬಾ ಧನ್ಯವಾದ. ಪಾಸ್‌ಕೋಡ್ ಸಿಕ್ಕಿದೆ, ಬ್ಯಾಕಪ್ ಆಯಿತು, ಸ್ಕ್ರೀನ್‌ಶಾಟ್ 140 ದಾಟಿದೆ. ಎರಡು ವಿಷಯ ಉಳಿದಿದೆ. ವಿಡಿಯೊದ ಕೊನೆಗೆ ಅವಳದೇ ಟ್ಯಾಬ್ ದನಿಯಲ್ಲಿ ‘ನಾನು ಹೋಗಿ ಬರುತ್ತೇನೆ, ಎಲ್ಲರಿಗೂ ಧನ್ಯವಾದ’ ಎಂದು ಹಾಕೋಣ ಎನ್ನುತ್ತಿದ್ದಾರೆ ಅವರಪ್ಪ. ಟೈಪ್ ಮಾಡಿದರೆ ದನಿ ಬಂದೇ ಬರುತ್ತದೆ. ಹಾಕಬಹುದಾ? ಇನ್ನೊಂದು, ಟ್ಯಾಬ್‌ನಲ್ಲಿ ಒಂದು ಆನ್‌ಲೈನ್ ಆಟದ ಖಾತೆಯೂ ಇದೆ. ಅದನ್ನು ಮುಚ್ಚಿಬಿಡಲಾ?

---

ಮಾತಿನಮಣೆ ಉತ್ತರ:

ಆಟದ ಖಾತೆ ಮುಚ್ಚಬೇಡಿ. ನಾರ್ವೆಯ ಮಾಟ್ಸ್ ಸ್ಟೇನ್ ಎಂಬ ಯುವಕನಿಗೆ ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇತ್ತು, 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಒಂಟಿಯಾಗಿಯೇ ಬದುಕಿದ ಎಂದು ಅಪ್ಪ ಅಮ್ಮ ನಂಬಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಅವನನ್ನು ಇಬೆಲಿನ್ ಎಂಬ ಹೆಸರಿನಿಂದ ಬಲ್ಲವರ ಪತ್ರಗಳು ಸಾಲುಗಟ್ಟಿ ಬಂದವು. ಅಂತ್ಯಕ್ರಿಯೆಗೂ ಬೇರೆ ದೇಶಗಳಿಂದ ಕೆಲವರು ಬಂದರು. ನೀವೂ ಚಾಟ್ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಗೆಳೆಯರ ಪಟ್ಟಿ ಬರೆದುಕೊಳ್ಳಿ, ಮನೆಯವರು ಒಪ್ಪಿದರೆ ಸುದ್ದಿ ತಿಳಿಸಿ. ಆದರೆ ಅವಳ ಖಾತೆಯಿಂದ ಬರೆಯುವಾಗ ‘ನಾನು ಅವಳ ಅಮ್ಮ’ ಎಂದೇ ಶುರುಮಾಡಬೇಕು. ಸತ್ತವಳ ಹೆಸರಿನಿಂದ ಥಟ್ಟನೆ ಸಂದೇಶ ಬಂದರೆ ಓದುವವರ ಎದೆ ಹಾರುತ್ತದೆ.

ದನಿಯ ವಿಷಯಕ್ಕೆ ನನ್ನ ಉತ್ತರ ಬೇಡ ಎಂದೇ. ಬಾಯಲ್ಲಿ ಮಾತಾಡುತ್ತಿದ್ದವರ ದನಿಯಲ್ಲಿ ಹೊಸ ವಾಕ್ಯ ಹುಟ್ಟಿಸಿದರೆ ಅದು ನಕಲು ಎಂದು ಬಲ್ಲವರಿಗೆ ಬಹಳ ಸಲ ಗೊತ್ತಾಗುತ್ತದೆ. ಇಲ್ಲಿ ಗೊತ್ತೇ ಆಗುವುದಿಲ್ಲ, ಅದೇ ತೊಂದರೆ. ಅವಳು ಒತ್ತಿದ್ದಕ್ಕೂ ಅಪ್ಪ ಟೈಪ್ ಮಾಡಿದ್ದಕ್ಕೂ ಕೇಳಲು ಎಳ್ಳಷ್ಟೂ ವ್ಯತ್ಯಾಸ ಇರುವುದಿಲ್ಲ. ನಾಳೆ ಯಾರಾದರೂ ‘ಹಾಗಾದರೆ ಉಳಿದದ್ದೂ ನೀವೇ ಒತ್ತಿದ್ದಾ?’ ಎಂದು ಕೇಳಿದರೆ ಪುಸ್ತಕದಲ್ಲಿ ಹಾಕಿದ ಅವಳ ನಿಜವಾದ ಮಾತುಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ಇಂಥ ಮಕ್ಕಳು ಇರುವಷ್ಟು ದಿನವೂ ‘ಅದು ಅವಳೇ ಹೇಳಿದ್ದಾ?’ ಎಂಬ ಪ್ರಶ್ನೆಯನ್ನು ಎದುರಿಸಿಯೇ ಇರುತ್ತಾರೆ. ಯಂತ್ರದ ದನಿ ಯಾರದಾದರೇನು ಎನ್ನುವವರಿಗೆ ಯಂತ್ರದ ದನಿಯಲ್ಲೇ ಮಾತಾಡುತ್ತಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಉದಾಹರಣೆ ಕೊಡಿ. ಎಷ್ಟೋ ಸುಧಾರಿತ ದನಿಗಳು ಬಂದರೂ ಅವರು 1980ರ ದಶಕದ ಆ ಒರಟು ದನಿಯನ್ನು ಬಿಡಲಿಲ್ಲ, ಅದು ತನ್ನದು ಎಂದೇ ಇಟ್ಟುಕೊಂಡರು.

ಬದಲಿಗೆ ವಿಡಿಯೊಗಳಲ್ಲಿ ಹುಡುಕಿ. ಏಳು ವರ್ಷದಲ್ಲಿ ಯಾರಿಗಾದರೂ ‘ಬಾಯ್’ ಎಂದೋ ‘ಥ್ಯಾಂಕ್ಸ್’ ಎಂದೋ ಒತ್ತಿಯೇ ಇರುತ್ತಾಳೆ. ಯಾರಿಗೆ, ಯಾವಾಗ ಎಂದು ಕೆಳಗೆ ಅಕ್ಷರದಲ್ಲಿ ಹಾಕಿ ಅದನ್ನೇ ಬಳಸಿ.

---

ಕರಡುಪ್ರತಿ ಉತ್ತರ:

ಮೇಲಿನದಕ್ಕೆ ಒಪ್ಪಿಗೆ, ಆದರೆ ಅಪ್ಪನಿಗೆ ‘ಬೇಡ’ ಎಂದಷ್ಟೇ ಹೇಳಿ ಬಿಡಬೇಡಿ. ಧನ್ಯವಾದ ಹೇಳಬೇಕು ಅನ್ನಿಸಿರುವುದು ಅವರಿಗೆ. ಅವರ ದನಿಯಲ್ಲೇ ಇಪ್ಪತ್ತು ಸೆಕೆಂಡು ರೆಕಾರ್ಡ್ ಮಾಡಿ ಹಾಕಿ. ಮಾತಾಡುವುದು ಆಗದಿದ್ದರೆ ಅವರ ಕೈಬರಹ ಸ್ಕ್ಯಾನ್ ಮಾಡಿ.

---

ಇಳಿಜಾರು ಉತ್ತರ:

ಸಭೆಯ ಬಗ್ಗೆ ಯಾರೂ ಹೇಳಿಲ್ಲ, ಹೇಳುತ್ತೇನೆ.

ಜಾಗಕ್ಕೆ ಟೇಪ್ ತೆಗೆದುಕೊಂಡು ನೀವೇ ಹೋಗಿ. ‘ರ‍್ಯಾಂಪ್ ಇದೆ ಸಾರ್’ ಎಂಬ ಮಾತು ನಂಬಬೇಡಿ, ಬೈಕ್ ಹತ್ತಿಸಲು ಮಾಡಿದ ಇಳಿಜಾರನ್ನೂ ರ‍್ಯಾಂಪ್ ಎನ್ನುತ್ತಾರೆ. ಲೆಕ್ಕ 1ಕ್ಕೆ 12. ಅಂದರೆ 15 ಸೆಂಟಿಮೀಟರ್ ಮೆಟ್ಟಿಲಿಗೆ 1.8 ಮೀಟರ್ ಉದ್ದ, ಅಂಥ ಎರಡು ಮೆಟ್ಟಿಲಿಗೆ 3.6 ಮೀಟರ್. ಬಾಗಿಲು ತೆರೆದಾಗ ಸಿಗುವ ಅಗಲ 90 ಸೆಂಟಿಮೀಟರ್ ಇರಬೇಕು. ಚೌಕಟ್ಟಿನ ಅಳತೆ ಬೇರೆ, ತೆರೆದ ಕದವೂ ಜಾಗ ತಿನ್ನುತ್ತದೆ. ಕುರ್ಚಿ ಸುತ್ತು ತಿರುಗಲು 1.5 ಮೀಟರ್ ಬೇಕು, ಶೌಚಾಲಯದ ಒಳಗೂ. ಮಡಚುವ ರ‍್ಯಾಂಪ್ ಬಾಡಿಗೆಗೆ ತರುವುದಾದರೆ ಎಷ್ಟು ಭಾರ ತಡೆಯುತ್ತದೆ ಎಂದು ಓದಿ ನೋಡಿ. ಪವರ್ ವೀಲ್‌ಚೇರ್ ಒಂದೇ 100 ಕಿಲೊ ಮೀರುವುದುಂಟು, ಮೇಲೆ ಕೂತವರ ತೂಕ ಬೇರೆ. ‘ನಾಲ್ಕು ಜನ ಎತ್ತಿಬಿಡ್ತೀವಿ’ ಎನ್ನುವವರನ್ನು ತಡೆಯಿರಿ. ಕೈಯಿಡುವ ಪಟ್ಟಿ ಹಿಡಿದು ಎತ್ತುತ್ತಾರೆ, ಅದು ಕಳಚಿಬರುವಂತೆಯೇ ಮಾಡಿರುವ ಭಾಗ.

ವೀಲ್‌ಚೇರಿನವರಿಗೆಂದು ಹಿಂದೆ ಒಂದು ಮೂಲೆ ಬಿಡಬೇಡಿ. ಪ್ರತಿ ಸಾಲಿನಲ್ಲೂ ಎರಡು ಮೂರು ಕುರ್ಚಿ ತೆಗೆದರೆ ತಮ್ಮ ಮನೆಯವರ ಪಕ್ಕದಲ್ಲೇ ನಿಲ್ಲಬಹುದು. ಒಬ್ಬರಿಗೆ 90 ಸೆಂಟಿಮೀಟರ್ ಅಗಲ, 120–130 ಉದ್ದ. ಮಾತಾಡುವ ಮೈಕು ವೇದಿಕೆ ಮೇಲಲ್ಲ, ನೆಲದಲ್ಲೇ ಇರಲಿ, ಸ್ಟ್ಯಾಂಡ್ ಬಗ್ಗುವಂಥದ್ದು. ಟ್ಯಾಬ್‌ನಿಂದ ಮಾತಾಡುವವರಿಗೆ ಮೈಕನ್ನು ಬಾಯಿಯ ಹತ್ತಿರ ಹಿಡಿಯುತ್ತಾರೆ, ಹಿಡಿಯಬೇಕಾದದ್ದು ಟ್ಯಾಬ್‌ನ ಸ್ಪೀಕರಿಗೆ. ಸ್ಪೀಕರ್ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಅವರ ಸರದಿಗೆ ಎಲ್ಲರಿಗಿಂತ ಮೂರು ಪಟ್ಟು ಸಮಯ ಬರೆದಿಡಿ. ಚಾರ್ಜಿಂಗ್ ಪಾಯಿಂಟ್ ತೋರಿಸಿ. ಫಿಟ್ಸ್ ಬರುವ ಮಕ್ಕಳು ಇರಬಹುದು, ಆದ್ದರಿಂದ ವಿಡಿಯೊದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗುವುದು ಯಾವುದೂ ಬೇಡ. ಪಕ್ಕದಲ್ಲಿ ಸದ್ದಿಲ್ಲದ ಒಂದು ಕೋಣೆ ತೆರೆದಿರಲಿ.

ಸಭೆಗೂ ಮುಂಚೆ ಮಾಡಬೇಕಾದ ಒಂದು ಕೆಲಸ ಇದೆ, ಸಾಮಾನ್ಯವಾಗಿ ಎಲ್ಲರೂ ಮರೆಯುತ್ತಾರೆ. ಸಹಪಾಠಿಗಳ ಬೋರ್ಡು, ಟ್ಯಾಬ್‌ಗಳಲ್ಲಿ ಸಾವಿನ ಪದಗಳೇ ಇರುವುದಿಲ್ಲ. ‘ಬಾತ್‌ರೂಮ್’, ‘ಆಟ’, ‘ಖುಷಿ’ ಇರುತ್ತವೆ. ‘ಸತ್ತಳು’, ‘ಬೇಜಾರು’, ‘ಸಿಟ್ಟು’, ‘ಯಾಕೆ’, ‘ನೆನಪು’, ‘ಮಾತಾಡಬೇಡಿ’ ಇವನ್ನು ಅವಳ ಫೋಟೊ ಸಮೇತ ಸೇರಿಸಲು ಟೀಚರಿಗೆ ಹೇಳಿ. ಒಂದು ಪುಟ ಸಾಕು. ತಿಳಿಸುವಾಗ ‘ಸತ್ತುಹೋದಳು, ಇನ್ನು ಬರುವುದಿಲ್ಲ’ ಎಂದೇ ಹೇಳಬೇಕು. ‘ಮಲಗಿದ್ದಾಳೆ’ ಎಂದರೆ ಮಲಗಲು ಹೆದರುವ ಮಕ್ಕಳಿದ್ದಾರೆ, ‘ದೂರ ಹೋಗಿದ್ದಾಳೆ’ ಎಂದರೆ ಬಾಗಿಲು ನೋಡುತ್ತಾ ಕಾಯುವವರಿದ್ದಾರೆ. ಅವರ ಬೋರ್ಡುಗಳಲ್ಲಿರುವ ಅವಳ ಚಿತ್ರವನ್ನು ದೊಡ್ಡವರು ರಾತ್ರೋರಾತ್ರಿ ತೆಗೆಯಬಾರದು. ಅವಳ ಬಗ್ಗೆ ಕೇಳಲು ಅವರಿಗಿರುವ ಒಂದೇ ಪದ ಅದು.

ಅವಳ ವೀಲ್‌ಚೇರ್ ಯಾರಿಗಾದರೂ ಕೊಡುವುದಾದರೆ ಸೀಟು, ಬೆನ್ನೊರಗು ಅವಳ ಮೈಗೆ ಅಚ್ಚು ತೆಗೆದದ್ದಾಗಿರಬಹುದು. ಹಾಗೇ ಇನ್ನೊಬ್ಬರನ್ನು ಕೂರಿಸಿದರೆ ಒತ್ತಡದ ಹುಣ್ಣಾಗುತ್ತದೆ. ಥೆರಪಿಸ್ಟ್ ನೋಡಿ ಹೊಂದಿಸಿದ ಮೇಲೆಯೇ ಕೊಡಿ. ಜಾಯ್‌ಸ್ಟಿಕ್‌ನ ಗುಂಡಿ ತಿರುಗಿಸಿದರೋ ಎಳೆದರೋ ಸಾಮಾನ್ಯವಾಗಿ ಬಿಚ್ಚಿಬರುತ್ತದೆ, ಹೊಸದು ಬೇರೆಯಾಗಿ ಸಿಗುತ್ತದೆ. ಅಪ್ಪ ಅಮ್ಮನಿಗೆ ಬೇಕಿದ್ದರೆ ಹಳೆಯದನ್ನು ತೆಗೆದಿಟ್ಟುಕೊಳ್ಳಲಿ.

---

ಟೇಪುಸುರುಳಿ ಉತ್ತರ:

ಕೊನೆಗೆ ಶೇಖರಣೆ. ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಹಂಚಲು ಸರಿ, ಬೀರುವಿನಲ್ಲಿ ವರ್ಷಗಟ್ಟಲೆ ಇಡಲು ಅಲ್ಲ. ಕರೆಂಟ್ ಕಾಣದೆ ಬಿದ್ದಿದ್ದರೆ ಒಳಗಿನ ಡೇಟಾ ಮೆಲ್ಲಗೆ ಸೋರುತ್ತದೆ. ಹಾರ್ಡ್‌ಡಿಸ್ಕ್ ಆದರೂ ವರ್ಷಕ್ಕೊಮ್ಮೆ ಹಾಕಿ ಕೆಲವು ಫೈಲ್ ತೆರೆದು ನೋಡಿ. ಫೈಲಿನ ಹೆಸರಿಗೆ ವರ್ಷ, ತಿಂಗಳು, ದಿನ ಈ ಕ್ರಮ ಇಡಿ, ತಾನೇ ಸಾಲಾಗಿ ಕೂರುತ್ತದೆ.

ಸಂಸ್ಥೆಯವರು ಟ್ಯಾಬನ್ನು ಮನೆಯವರಿಗೇ ಬಿಟ್ಟುಕೊಟ್ಟರೆ (ಕೇಳಿ ನೋಡಿ, ಹಳೆಯದಾದರೆ ಕೊಡುವುದುಂಟು) ಆಫ್ ಮಾಡಿ ಪೆಟ್ಟಿಗೆಗೆ ಹಾಕಿ ಮರೆಯಬೇಡಿ. ಲಿಥಿಯಂ ಬ್ಯಾಟರಿ ಸೊನ್ನೆಗೆ ಇಳಿದು ತಿಂಗಳುಗಟ್ಟಲೆ ಬಿದ್ದರೆ ಮತ್ತೆ ಏಳುವುದಿಲ್ಲ, ಊದಿಕೊಂಡು ಪರದೆಯನ್ನೇ ಎತ್ತಬಹುದು. ಅರ್ಧ ಚಾರ್ಜ್‌ನಲ್ಲಿಟ್ಟು ಮೂರು ತಿಂಗಳಿಗೊಮ್ಮೆ ನೋಡಿ. ವೈಫೈ ಆಫ್.